ಸಾಮ್ರಾಜ್ಯ ಕೈಬಿಟ್ಟ ಮೇಲೆ ಬ್ರಿಟನ್ನಿನ ಮನೆಗಳಲ್ಲಿ ಏನಾಯಿತು?

ನಮ್ಮ ಶಾಲೆಯ ಪುಸ್ತಕಗಳಲ್ಲಿ ಬ್ರಿಟಿಷರ ಕತೆ 1947ರ ಆಗಸ್ಟ್ 15ಕ್ಕೆ ಮುಗಿದುಹೋಗುತ್ತದೆ. ಅವರು ಗಂಟುಮೂಟೆ ಕಟ್ಟಿಕೊಂಡು ಹೊರಟರು, ಮುಂದಿನ ಪಾಠ ನಮ್ಮ ಸಂವಿಧಾನದ್ದು. ಅವರ ಊರಿನಲ್ಲಿ ಆಮೇಲೆ ಏನಾಯಿತು ಅಂತ ನಾವು ಕೇಳಿದ್ದು ಕಡಿಮೆ. ಜಗತ್ತಿನ ಕಾಲುಭಾಗವನ್ನು ಆಳುತ್ತಿದ್ದ ದೇಶ ಇಪ್ಪತ್ತೇ ವರ್ಷಗಳಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ಬಿಟ್ಟುಕೊಟ್ಟಿತು. 1947ರಲ್ಲಿ ಭಾರತ ಮತ್ತು ಪಾಕಿಸ್ತಾನ, 1948ರಲ್ಲಿ ಬರ್ಮಾ ಮತ್ತು ಸಿಲೋನ್, 1957ರಲ್ಲಿ ಘಾನಾ ಮತ್ತು ಮಲಯ (ಈಗಿನ ಮಲೇಷ್ಯಾದ ಭಾಗ), 1960ರಲ್ಲಿ ನೈಜೀರಿಯಾ, 1962ರಲ್ಲಿ ಜಮೈಕಾ, 1963ರಲ್ಲಿ ಕೀನ್ಯಾ. ಇಷ್ಟು ದೊಡ್ಡದು ಕೈಬಿಟ್ಟರೆ ಅಲ್ಲಿನ ಸಾಮಾನ್ಯ ಮನೆಯ ಅಡುಗೆಕೋಣೆಯಲ್ಲಿ, ವಾರದ ಕೂಲಿಯಲ್ಲಿ, ಬೀದಿಯಲ್ಲಿ ಏನಾದರೂ ಬದಲಾಗಲೇಬೇಕಲ್ವಾ?

ಬದಲಾಯಿತು. ಆದರೆ "ಸಾಮ್ರಾಜ್ಯ ಹೋಯಿತು" ಎಂಬ ಹೆಸರು ಹೊತ್ತು ಯಾರ ಮನೆಗೂ ಆ ಬದಲಾವಣೆ ಬರಲಿಲ್ಲ. ಪೌಂಡಿನ ಬೆಲೆ ಇಳಿಯಿತು. ಗಿರಣಿ ಮುಚ್ಚಿತು. ಪಕ್ಕದ ಮನೆಗೆ ಹೊಸಬರು ಬಂದರು. ಪಾಸ್‌ಪೋರ್ಟ್ ಕಾನೂನು ತಿದ್ದುಪಡಿಯಾಯಿತು. ಹೀಗೆ ಬಿಡಿಬಿಡಿಯಾಗಿ ಬಂತು. ಇವೆಲ್ಲ ಒಂದೇ ಬೇರಿನಿಂದ ಬಂದ ಕೊಂಬೆಗಳು ಅಂತ ಜನರಿಗೆ ಬಿಡಿಸಿ ಹೇಳಿದವರು ಕಡಿಮೆ. ಹಾಗಾಗಿ ಕಷ್ಟ ಬಂದಾಗ ಸಿಟ್ಟು ತಪ್ಪಿಲ್ಲದವರ ಮೇಲೆ ತಿರುಗಿತು. ಈ ಇಡೀ ಕತೆಯಲ್ಲಿ ನನಗೆ ಬಹಳ ಮುಖ್ಯ ಅನಿಸುವುದು ಇದೇ.

1948ರಲ್ಲಿ ಬ್ರಿಟನ್ನಿನ ವಸಾಹತು ಇಲಾಖೆ ಒಂದು ಸಮೀಕ್ಷೆ ಮಾಡಿಸಿತು. ಸಾಮ್ರಾಜ್ಯದ ಬಗ್ಗೆ ಜನರಿಗೆ ಎಷ್ಟು ಗೊತ್ತಿದೆ ಎಂದು ನೋಡುವುದು ಅದರ ಉದ್ದೇಶ. ಕೇಳಿದವರಲ್ಲಿ ಅರ್ಧದಷ್ಟು ಜನಕ್ಕೆ ಒಂದೇ ಒಂದು ವಸಾಹತಿನ ಹೆಸರು ಹೇಳಲಾಗಲಿಲ್ಲ. ಆಫ್ರಿಕಾದಲ್ಲಿ, ಮಲಯದಲ್ಲಿ ಅವರ ಹೆಸರಿನಲ್ಲೇ ಆಳ್ವಿಕೆ ನಡೆಯುತ್ತಿದ್ದ ಕಾಲ ಅದು. ಇರುವುದು ಏನು ಅಂತಲೇ ಗೊತ್ತಿಲ್ಲದವರಿಗೆ ಹೋದದ್ದು ಏನು ಅಂತ ಹೇಗೆ ಗೊತ್ತಾಗಬೇಕು?

ಸಾಲದ ಲೆಕ್ಕ ಮತ್ತು ಅಡುಗೆ ಎಣ್ಣೆ

ಮೊದಲು ದುಡ್ಡಿನ ವಿಷಯ ನೋಡೋಣ. ಇದು ಸ್ವಲ್ಪ ಜಟಿಲ, ಆದರೆ ಇದಿಲ್ಲದೆ ಉಳಿದದ್ದು ಅರ್ಥವಾಗುವುದಿಲ್ಲ.

ಎರಡನೇ ಮಹಾಯುದ್ಧದ ಉದ್ದಕ್ಕೂ ಬ್ರಿಟನ್ ಭಾರತದಿಂದ ಬಟ್ಟೆ, ಧಾನ್ಯ, ಯುದ್ಧದ ಸಾಮಾನು ತರಿಸಿಕೊಂಡಿತು. ಭಾರತೀಯ ಸೈನ್ಯದ ಖರ್ಚಿನ ದೊಡ್ಡ ಪಾಲನ್ನೂ ಬ್ರಿಟನ್ನೇ ಕೊಡಬೇಕಿತ್ತು. ನಗದು ಕೊಡಲಿಲ್ಲ. ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಸಿದ ಹಾಗೆ ಲಂಡನ್ನಿನ ಪುಸ್ತಕದಲ್ಲಿ ಪೌಂಡುಗಳಲ್ಲಿ ಬರೆದಿಟ್ಟಿತು. ಇಲ್ಲಿ ಆ ಲೆಕ್ಕದ ಬಲದ ಮೇಲೆ ರೂಪಾಯಿ ನೋಟು ಅಚ್ಚಾಯಿತು, ಬೆಲೆ ಏರಿತು, ನಮ್ಮ ಜನ ನರಳಿದರು. ಯುದ್ಧ ಮುಗಿಯುವ ಹೊತ್ತಿಗೆ ಭಾರತಕ್ಕೆ ಬರಬೇಕಿದ್ದ ಬಾಕಿ ಸುಮಾರು 130 ಕೋಟಿ ಪೌಂಡ್. ಇದನ್ನೇ ಸ್ಟರ್ಲಿಂಗ್ ಬಾಕಿ ಎನ್ನುತ್ತಾರೆ. ಆಳುವವರೇ ಆಳಿಸಿಕೊಳ್ಳುವವರಿಗೆ ಸಾಲಗಾರರಾಗಿದ್ದರು.

ಬ್ರಿಟನ್ 1946ರಲ್ಲಿ ಅಮೆರಿಕದಿಂದ 375 ಕೋಟಿ ಡಾಲರ್ ಸಾಲ ಎತ್ತಿತು. ಅದಕ್ಕೊಂದು ಷರತ್ತಿತ್ತು. ಪೌಂಡ್ ಇದ್ದವರು ಬೇಕೆಂದಾಗ ಡಾಲರಿಗೆ ಬದಲಾಯಿಸಿಕೊಳ್ಳಲು ಬಿಡಬೇಕು. 1947ರ ಜುಲೈ 15ರಿಂದ ಬಿಟ್ಟರು. ಡಾಲರ್ ಎಷ್ಟು ಬೇಗ ಖಾಲಿಯಾಯಿತೆಂದರೆ ಆಗಸ್ಟ್ 20ಕ್ಕೆ ಬಾಗಿಲು ಹಾಕಬೇಕಾಯಿತು. ದೆಹಲಿಯಲ್ಲಿ ನಮ್ಮ ಬಾವುಟ ಏರಿ ಆಗ ಐದು ದಿನ. ಎರಡು ವರ್ಷದ ನಂತರ, 1949ರಲ್ಲಿ, ಪೌಂಡಿನ ಬೆಲೆ 4.03 ಡಾಲರಿನಿಂದ 2.80ಕ್ಕೆ ಇಳಿಯಿತು. ಆ ಅಮೆರಿಕನ್ ಸಾಲದ ಕೊನೆಯ ಕಂತು ತೀರಿದ್ದು 2006ರ ಡಿಸೆಂಬರ್ ಕೊನೆಗೆ.

ಆಗಿನ ಬ್ರಿಟಿಷ್ ಗೃಹಿಣಿಯ ಕೈಯಲ್ಲಿ ರೇಷನ್ ಪುಸ್ತಕ ಇರುತ್ತಿತ್ತು. ಯುದ್ಧದಲ್ಲೂ ರೇಷನ್ ಇಲ್ಲದಿದ್ದ ಬ್ರೆಡ್ಡಿಗೆ 1946ರಿಂದ 1948ರವರೆಗೆ ರೇಷನ್ ಬಂತು. ಚಹಾಕ್ಕೆ 1952ರವರೆಗೆ, ಸಕ್ಕರೆಗೆ 1953ರವರೆಗೆ, ಮಾಂಸಕ್ಕೆ 1954ರವರೆಗೆ ಇತ್ತು. ಇದು ಸಾಮ್ರಾಜ್ಯ ಹೋದದ್ದರಿಂದ ಆದದ್ದಲ್ಲ, ಯುದ್ಧದಿಂದ ಆದದ್ದು. ಆದರೆ ಈ ಬಡತನವೇ ಉಳಿದ ವಸಾಹತುಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುವಂತೆ ಮಾಡಿತು. ಮಲಯದ ರಬ್ಬರ್ ಮತ್ತು ತವರ, ಘಾನಾದ ಕೋಕೋ ಅಮೆರಿಕಕ್ಕೆ ಮಾರಾಟವಾಗಿ ಡಾಲರ್ ತರುತ್ತಿದ್ದವು. ಆ ಡಾಲರ್ ಲಂಡನ್ನಿನ ಖಜಾನೆಗೆ ಸೇರುತ್ತಿತ್ತು. ಬ್ರಿಟಿಷ್ ಮನೆಯ ತಿಂಡಿ ತಟ್ಟೆಗೂ ಮಲಯದ ರಬ್ಬರ್ ತೋಟಕ್ಕೂ ನೇರ ಸಂಬಂಧವಿತ್ತು.

ಅಡುಗೆಯ ಜಿಡ್ಡಿಗೂ ಕೊರತೆ ಇತ್ತು. ಅದಕ್ಕೆ ಸರಕಾರ ಕಂಡುಕೊಂಡ ದಾರಿಯೆಂದರೆ ಟಾಂಗನ್ಯೀಕಾದಲ್ಲಿ, ಅಂದರೆ ಈಗಿನ ಟಾಂಜಾನಿಯಾದಲ್ಲಿ, ಲಕ್ಷಾಂತರ ಎಕರೆಯಲ್ಲಿ ಕಡಲೆಕಾಯಿ ಬೆಳೆದು ಮಾರ್ಗರಿನ್, ಅಂದರೆ ಬೆಣ್ಣೆಯ ಬದಲಿಗೆ ಬಳಸುವ ಜಿಡ್ಡು, ಮಾಡುವುದು. 1947ರಲ್ಲಿ ಶುರುವಾಯಿತು. ಯುದ್ಧದ ಟ್ಯಾಂಕುಗಳನ್ನೇ ಟ್ರ್ಯಾಕ್ಟರ್ ಮಾಡಿ ಕಾಡು ಕಡಿದರು. ಕಡಲೆಕಾಯಿ ಬೆಳೆಯುವ ನಮ್ಮ ಚಳ್ಳಕೆರೆಯ ರೈತರನ್ನು ಕೇಳಿದ್ದರೆ ಹೇಳುತ್ತಿದ್ದರು, ಮಣ್ಣು ಸಡಿಲ ಇರಬೇಕು, ಇಲ್ಲದಿದ್ದರೆ ಕಾಯಿ ಇಳಿಯುವುದಿಲ್ಲ, ಕೀಳಲೂ ಆಗುವುದಿಲ್ಲ. ಈ ಯೋಜನೆ ನಡೆದ ಕೊಂಗ್ವಾದ ನೆಲ ಬಿಸಿಲಿಗೆ ಇಟ್ಟಿಗೆಯಷ್ಟು ಗಟ್ಟಿಯಾಗುವ ಜೇಡಿ, ಮಳೆಯೂ ಕಡಿಮೆ. 1951ರಲ್ಲಿ ಯೋಜನೆ ಕೈಬಿಟ್ಟಾಗ 3.6 ಕೋಟಿ ಪೌಂಡ್ ನಷ್ಟವೆಂದು ಬರೆದುಹಾಕಿದರು. ಅದು ತೆರಿಗೆ ಕಟ್ಟುವವರ ದುಡ್ಡು.

ಇದಕ್ಕಿಂತ ಹತ್ತಿರದಿಂದ ತಟ್ಟಿದ್ದು ಸೈನ್ಯದ ಕರೆ. 1949ರಿಂದ ಶಾಂತಿಕಾಲದಲ್ಲೂ ಹದಿನೆಂಟು ತುಂಬಿದ ಹುಡುಗರು ಕಡ್ಡಾಯವಾಗಿ ಸೇನೆಗೆ ಸೇರಬೇಕಿತ್ತು. ಮೊದಲು ಹದಿನೆಂಟು ತಿಂಗಳು, ಕೊರಿಯಾ ಯುದ್ಧ ಬಂದ ಮೇಲೆ ಎರಡು ವರ್ಷ. ಮಲಯದ ಕಾಡು, ಕೀನ್ಯಾದ ಬೆಟ್ಟ, ಸೈಪ್ರಸ್‌ನ ಬೀದಿಗಳಿಗೆ ಅವರಲ್ಲಿ ಬಹಳ ಮಂದಿ ಹೋದರು. ಊರು ಬಿಟ್ಟು ಹೊರಗೆ ಕಾಲಿಡದ ಮನೆಗಳಿಗೆ ಸಾಮ್ರಾಜ್ಯ ಪರಿಚಯವಾದದ್ದು ಹೀಗೆ, ಅದು ಕಳಚುತ್ತಿರುವಾಗ. 1960ರ ಕೊನೆಗೆ ಕರೆ ನಿಂತಿತು. 1939ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದ ಹುಡುಗರು ತಪ್ಪಿಸಿಕೊಂಡರು. ಬೀಟಲ್ಸ್ ತಂಡದ ನಾಲ್ವರೂ 1940 ಮತ್ತು ಆಮೇಲೆ ಹುಟ್ಟಿದವರು. ಕೂದಲು ಉದ್ದ ಬಿಟ್ಟು ಗಿಟಾರ್ ಹಿಡಿದ ಆ ತಲೆಮಾರಿನ ಸ್ವಾತಂತ್ರ್ಯಕ್ಕೆ, ಕಾಯಬೇಕಾದ ವಸಾಹತುಗಳು ಕಡಿಮೆಯಾದದ್ದೂ ಒಂದು ಕಾರಣ.

ಹಾಗಾದರೆ ಸಾಮ್ರಾಜ್ಯ ಹೋಗಿ ಬ್ರಿಟಿಷರು ಬಡವರಾದರಾ? ಇಲ್ಲ. ಐವತ್ತು, ಅರವತ್ತರ ದಶಕದಲ್ಲಿ ಮನೆಗಳಿಗೆ ಫ್ರಿಜ್ ಬಂತು, ಟಿವಿ ಬಂತು, ಕಾರು ಬಂತು. ಇಷ್ಟು ಒಳ್ಳೆಯ ಕಾಲ ನೀವು ಕಂಡೇ ಇಲ್ಲ ಎಂಬರ್ಥದಲ್ಲಿ ಪ್ರಧಾನಿ ಮ್ಯಾಕ್ಮಿಲನ್ 1957ರಲ್ಲಿ ಹೇಳಿದರು. ಹೊರಗೆ ಒಂದೊಂದೇ ಬಾವುಟ ಇಳಿಯುತ್ತಿದ್ದ ವರ್ಷಗಳಲ್ಲೇ ಒಳಗೆ ಸೌಕರ್ಯ ಏರುತ್ತಿತ್ತು. 1956ರಲ್ಲಿ ಈಜಿಪ್ಟಿನ ಸೂಯೆಜ್ ಕಾಲುವೆಯನ್ನು ಸೇನೆ ಕಳಿಸಿ ಹಿಡಿಯಲು ಹೋಗಿ ಸೋತಾಗ ಮಾತ್ರ ಏಟು ನೇರವಾಗಿ ಬಿತ್ತು. ಅಮೆರಿಕ ಪೌಂಡಿನ ಕತ್ತು ಹಿಡಿದು ಸೇನೆಯನ್ನು ವಾಪಸ್ ಕರೆಸಿತು, ಡಿಸೆಂಬರಿನಿಂದ ಮೇವರೆಗೆ ಪೆಟ್ರೋಲಿಗೆ ರೇಷನ್ ಬಂತು.

1968ರ ಜನವರಿಯ ಒಂದು ಘೋಷಣೆ ನೋಡಿ. ಸೂಯೆಜ್‌ನಿಂದ ಪೂರ್ವಕ್ಕಿರುವ ಸೇನಾನೆಲೆಗಳನ್ನು 1971ರೊಳಗೆ ಬಿಡುತ್ತೇವೆ ಎಂದು ಸರಕಾರ ಹೇಳಿತು. ಅದೇ ಘೋಷಣೆಯಲ್ಲಿ ಔಷಧಿ ಚೀಟಿಗೆ ಶುಲ್ಕ ವಾಪಸ್ ಬಂತು, ಹೈಸ್ಕೂಲ್ ಮಕ್ಕಳ ಉಚಿತ ಹಾಲು ನಿಂತಿತು, ಕಡ್ಡಾಯ ಶಾಲೆಯ ವಯಸ್ಸು ಏರಿಸುವುದನ್ನು ಎರಡು ವರ್ಷ ಮುಂದೂಡಿದರು. ಸಿಂಗಪುರದ ನೆಲೆ ಮತ್ತು ಮಗುವಿನ ಹಾಲು ಎರಡೂ ಒಂದೇ ಖಜಾನೆಯ ಖರ್ಚಾಗಿತ್ತು.

ಲ್ಯಾಂಕಶೈರಿನ ರಾತ್ರಿಪಾಳಿ

ನನ್ನ ಪ್ರಕಾರ ಈ ಕತೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಉತ್ತರ ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲಿ.

1913ರಲ್ಲಿ ಬ್ರಿಟನ್ ಸುಮಾರು 700 ಕೋಟಿ ಗಜ ಹತ್ತಿ ಬಟ್ಟೆ ರಫ್ತು ಮಾಡಿತು. ಅದರಲ್ಲಿ ಸುಮಾರು 300 ಕೋಟಿ ಗಜ ಭಾರತಕ್ಕೇ ಬಂತು. ಲ್ಯಾಂಕಶೈರಿನ ಬ್ಲ್ಯಾಕ್‌ಬರ್ನ್, ಬರ್ನ್‌ಲಿ, ಓಲ್ಡಮ್, ಡಾರ್ವೆನ್ ಊರುಗಳ ಅನ್ನ ಅದರಲ್ಲಿತ್ತು. ಭಾರತದ ಸುಂಕವನ್ನು ಲಂಡನ್ ತೀರ್ಮಾನಿಸುತ್ತಿದ್ದಷ್ಟು ಕಾಲ ಆ ಮಾರುಕಟ್ಟೆ ಭದ್ರ. ಮೊದಲ ಮಹಾಯುದ್ಧದ ನಂತರ ಸುಂಕದ ಹಿಡಿತ ಸಡಿಲವಾಯಿತು. ಮುಂಬಯಿ, ಅಹಮದಾಬಾದಿನ ಗಿರಣಿಗಳು ಬೆಳೆದವು, ಜಪಾನಿನ ಬಟ್ಟೆ ಬಂತು, ಸ್ವದೇಶಿ ಚಳವಳಿ ಬಂತು. 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಡಾರ್ವೆನ್‌ಗೆ ಹೋದರು. ಅವರ ಬಹಿಷ್ಕಾರದಿಂದಲೂ ಕೆಲಸಕ್ಕೆ ಏಟು ಬಿದ್ದಿದ್ದ ಆ ಗಿರಣಿ ಹೆಂಗಸರು ಅವರನ್ನು ಸುತ್ತುವರಿದು ಜಯಕಾರ ಹಾಕಿದ ಫೋಟೋ ಇಂದಿಗೂ ಇದೆ. ನನಗೆ ಆ ಫೋಟೋದಲ್ಲಿ ಹಿಡಿಸುವುದು ಅವರ ಮುಖಗಳು. ಎದುರಿಗೆ ಬಂದು ನಿಂತು ಕಾರಣ ಹೇಳಿದವನನ್ನು ಅವರು ಶತ್ರು ಅಂದುಕೊಳ್ಳಲಿಲ್ಲ.

ಎರಡನೇ ಯುದ್ಧದ ನಂತರ ಚಕ್ರ ಪೂರ್ತಿ ತಿರುಗಿತು. ಸಾಮ್ರಾಜ್ಯದ ಕಾಲದಲ್ಲಿ ಮಾಡಿಕೊಂಡ ಒಪ್ಪಂದಗಳ ಪ್ರಕಾರ ಭಾರತ, ಪಾಕಿಸ್ತಾನ, ಹಾಂಕಾಂಗ್‌ನ ಬಟ್ಟೆ ಸುಂಕವಿಲ್ಲದೆ ಬ್ರಿಟನ್ನಿಗೆ ಬರಬಹುದಿತ್ತು. 1958ರಲ್ಲಿ ಬ್ರಿಟನ್ ರಫ್ತಿಗಿಂತ ಜಾಸ್ತಿ ಹತ್ತಿ ಬಟ್ಟೆಯನ್ನು ಆಮದು ಮಾಡಿಕೊಂಡಿತು. ಮರುವರ್ಷ ಸರಕಾರವೇ ಕಾನೂನು ತಂದು, ಹಳೆಯ ಮಗ್ಗ, ಕದಿರು ಒಡೆದುಹಾಕಿದ ಮಾಲೀಕರಿಗೆ ದುಡ್ಡು ಕೊಟ್ಟಿತು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಗಿರಣಿ ಮುಚ್ಚಿತು.

ಉಳಿದ ಗಿರಣಿಗಳ ಮಾಲೀಕರು ಹೊಸ ಯಂತ್ರ ತಂದರು. ಯಂತ್ರಕ್ಕೆ ಹಾಕಿದ ದುಡ್ಡು ಹುಟ್ಟಬೇಕಾದರೆ ಅದು ಹಗಲೂ ರಾತ್ರಿ ಓಡಬೇಕು. ಹೆಂಗಸರು ರಾತ್ರಿಪಾಳಿ ಮಾಡಲು ಕಾನೂನಿನ ಅಡ್ಡಿಯಿತ್ತು. ಸ್ಥಳೀಯ ಗಂಡಸರಿಗೆ ಬೇರೆಡೆ ಒಳ್ಳೆಯ ಸಂಬಳದ ಕೆಲಸ ಸಿಗುತ್ತಿತ್ತು. ಆಗ ರಾತ್ರಿಪಾಳಿಗೆ ಬಂದವರು ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮೀರ್‌ಪುರದವರು, ಗುಜರಾತಿನವರು, ಈಗಿನ ಬಾಂಗ್ಲಾದೇಶದ ಸಿಲ್ಹೆಟ್‌ನವರು. ಮೀರ್‌ಪುರದಲ್ಲಿ ಮಂಗಳಾ ಅಣೆಕಟ್ಟು ಕಟ್ಟಿದಾಗ ಸುಮಾರು ಒಂದು ಲಕ್ಷ ಜನ ಮನೆ, ಹೊಲ ಕಳೆದುಕೊಂಡಿದ್ದರು. ಅವರಲ್ಲಿ ಅನೇಕರು ಬ್ರ್ಯಾಡ್‌ಫರ್ಡ್‌ನಂಥ ಊರುಗಳ ಹಾದಿ ಹಿಡಿದರು.

ಅಂದರೆ ಈ ಕಾರ್ಮಿಕರು ಸಾಯುತ್ತಿದ್ದ ಉದ್ಯಮವನ್ನು ಇನ್ನಷ್ಟು ವರ್ಷ ಬದುಕಿಸಿದರು. ಆದರೆ ಬೀದಿಯಲ್ಲಿ ಕಂಡದ್ದು ಎರಡೇ ಸಂಗತಿ. ಗಿರಣಿ ಮುಚ್ಚುತ್ತಿದೆ, ಪಾಕಿಸ್ತಾನದವರು ಬಂದಿದ್ದಾರೆ. ಮೊದಲನೆಯದಕ್ಕೆ ಎರಡನೆಯದೇ ಕಾರಣ ಅಂತ ನಂಬುವುದು ಬಹಳ ಸುಲಭವಾಯಿತು. 300 ಕೋಟಿ ಗಜದ ಮಾರುಕಟ್ಟೆ ಮಾಯವಾದದ್ದು ಕಣ್ಣಿಗೆ ಕಾಣುವುದಿಲ್ಲ. ಬಸ್ ಸ್ಟಾಪಿನಲ್ಲಿ ನಿಂತ ಮನುಷ್ಯ ಕಾಣುತ್ತಾನೆ. ಒಬ್ಬರದು ಹಗಲುಪಾಳಿ, ಇನ್ನೊಬ್ಬರದು ರಾತ್ರಿಪಾಳಿ. ಮಾತಿಗೆ ಸಿಗುವ ಅವಕಾಶವೂ ಕಡಿಮೆ. ಕೊನೆಗೆ ಗಿರಣಿ ಮುಚ್ಚಿದಾಗ ಇಬ್ಬರೂ ಕೆಲಸ ಕಳೆದುಕೊಂಡರು. 2001ರ ಬೇಸಿಗೆಯಲ್ಲಿ ಓಲ್ಡಮ್, ಬರ್ನ್‌ಲಿ, ಬ್ರ್ಯಾಡ್‌ಫರ್ಡ್‌ಗಳಲ್ಲಿ ಗಲಭೆಯಾದವು. ತನಿಖೆ ಮಾಡಿದ ಕ್ಯಾಂಟಲ್ ವರದಿ ಅಲ್ಲಿನ ಜನ ಒಂದೇ ಊರಿನಲ್ಲಿ ಸಮಾನಾಂತರ ಬದುಕು ನಡೆಸುತ್ತಿದ್ದಾರೆ ಎಂದಿತು. ಮೂರೂ ಹಳೆಯ ಗಿರಣಿ ಊರುಗಳೇ ಎಂಬುದನ್ನು ಮರೆಯಬಾರದು.

ಇದೇ ನಕಾಶೆ ಬೇರೆ ಊರುಗಳಲ್ಲೂ ಇತ್ತು. ಸ್ಕಾಟ್ಲೆಂಡಿನ ಡಂಡಿ ಬಂಗಾಳದ ಸೆಣಬಿನ ಮೇಲೆ ನಿಂತ ಊರು. ಅಲ್ಲಿನ ಕೊನೆಯ ಸೆಣಬು ಗಿರಣಿ 1999ರಲ್ಲಿ ಮುಚ್ಚಿತು. ಗ್ಲ್ಯಾಸ್ಗೋದ ನಾರ್ತ್ ಬ್ರಿಟಿಷ್ ಕಂಪನಿ ಭಾರತಕ್ಕೆ ಉಗಿಬಂಡಿ ಕಳಿಸುತ್ತಿತ್ತು. 1950ರಲ್ಲಿ ಚಿತ್ತರಂಜನ್‌ನಲ್ಲಿ ನಾವೇ ಮಾಡತೊಡಗಿದೆವು. ಡೀಸೆಲ್ ಎಂಜಿನ್ ಬಂದದ್ದೂ ಸೇರಿ 1962ರಲ್ಲಿ ಆ ಕಂಪನಿ ದಿವಾಳಿಯಾಯಿತು. ನಮ್ಮ ಕೋಲಾರದ ಚಿನ್ನದ ಗಣಿಯನ್ನು ನಡೆಸುತ್ತಿದ್ದದ್ದೂ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಮೈಸೂರು ಸರಕಾರ ಅದನ್ನು 1956ರಲ್ಲಿ ವಶಕ್ಕೆ ತೆಗೆದುಕೊಂಡಿತು. ಕೋಲಾರದ ನೆಲದೊಳಗಿನ ದುಡಿಮೆಯಿಂದ ಇಂಗ್ಲೆಂಡಿನ ಷೇರುದಾರರ ಮನೆಗಳಿಗೆ ಬರುತ್ತಿದ್ದ ಲಾಭಾಂಶ ಅಲ್ಲಿಗೆ ನಿಂತಿತು.

1968ರ ಏಪ್ರಿಲಿನಲ್ಲಿ ಇನಾಕ್ ಪೊವೆಲ್ ಎಂಬ ರಾಜಕಾರಣಿ ವಲಸಿಗರ ವಿರುದ್ಧ ಬೆಂಕಿಯಂಥ ಭಾಷಣ ಮಾಡಿದಾಗ ಲಂಡನ್ ಬಂದರಿನ ಹಮಾಲರು ಅವನ ಪರವಾಗಿ ಪಾರ್ಲಿಮೆಂಟಿಗೆ ಮೆರವಣಿಗೆ ಹೋದರು. ಆ ಬಂದರಿನ ಕಟ್ಟೆಗಳ ಹೆಸರೇ ಈಸ್ಟ್ ಇಂಡಿಯಾ, ವೆಸ್ಟ್ ಇಂಡಿಯಾ. ಈಸ್ಟ್ ಇಂಡಿಯಾ ಕಟ್ಟೆ ಹಿಂದಿನ ವರ್ಷವಷ್ಟೇ ಮುಚ್ಚಿತ್ತು. ಕಂಟೇನರ್ ಹಡಗುಗಳು ಉಳಿದವನ್ನೂ ಮುಚ್ಚಿಸಲಿದ್ದವು. ಇದು ನನಗೆ ಓದುವಾಗಲೆಲ್ಲ ನೋವು ತರುತ್ತದೆ. ಸಾಮ್ರಾಜ್ಯದ ಸರಕು ಹೊತ್ತು ಬದುಕಿದವರು, ಸಾಮ್ರಾಜ್ಯದಿಂದಲೇ ಬಂದವರನ್ನು ಹೊರಗೆ ಹಾಕಿ ಎಂದು ಕೂಗಿದರು. ಇಬ್ಬರ ಹಣೆಬರಹವನ್ನೂ ಬರೆದ ಕೈ ಒಂದೇ ಅಂತ ಅವರಿಗೆ ತೋರಿಸುವವರಿರಲಿಲ್ಲ.

ಪ್ರಜೆ ಪರಕೀಯನಾದ ಬಗೆ

ಈಗ ಪಾಸ್‌ಪೋರ್ಟಿನ ವಿಷಯ. 1948ರ ಕಾನೂನಿನ ಪ್ರಕಾರ ವಸಾಹತಿನಲ್ಲಿ ಹುಟ್ಟಿದವರೂ ಲಂಡನ್ನಿನಲ್ಲಿ ಹುಟ್ಟಿದವರೂ ಒಂದೇ ಪೌರತ್ವದವರು. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳೂ ಬಂದು ನೆಲೆಸಬಹುದಿತ್ತು. ಆ ವರ್ಷದ ಜೂನ್ 22ರಂದು ಟಿಲ್ಬರಿ ಬಂದರಿನಲ್ಲಿ ಎಂಪೈರ್ ವಿಂಡ್‌ರಷ್ ಹಡಗಿನಿಂದ ಇಳಿದ ಕೆರಿಬಿಯನ್ ದ್ವೀಪಗಳ ಜನ, ಅದಕ್ಕೂ ಮೊದಲಿದ್ದ ಕಾನೂನಿನ ಪ್ರಕಾರವೂ, ವಲಸಿಗರೇ ಅಲ್ಲ. ತಮ್ಮದೇ ದೇಶದ ಇನ್ನೊಂದು ಊರಿಗೆ ಬಂದವರು.

1962ರಲ್ಲಿ ಮೊದಲ ಬೇಲಿ ಬಿತ್ತು. ಇನ್ನು ಮುಂದೆ ಕೆಲಸದ ವೌಚರ್ ಬೇಕು. ಇದರ ಫಲ ಸರಕಾರ ಅಂದುಕೊಂಡದ್ದಕ್ಕೆ ಉಲ್ಟಾ ಆಯಿತು. ಅಲ್ಲಿಯವರೆಗೆ ಗಂಡಸರು ಬಂದು ಕೆಲವು ವರ್ಷ ದುಡಿದು ಊರಿಗೆ ಹೋಗಿ, ಬೇಕಾದರೆ ತಮ್ಮನನ್ನೋ ಮಗನನ್ನೋ ಕಳಿಸುತ್ತಿದ್ದರು. ಈಗ ಹೋದರೆ ಮತ್ತೆ ಬರಲಾಗುವುದಿಲ್ಲ ಎಂಬ ಭಯ ಹುಟ್ಟಿತು. ಅವರು ಅಲ್ಲೇ ಉಳಿದು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಒಂದೇ ಕೋಣೆಯಲ್ಲಿ ಪಾಳಿ ಪ್ರಕಾರ ಮಲಗುತ್ತಿದ್ದ ಗಂಡಸರ ಬಿಡಾರಗಳು ಸಂಸಾರದ ಮನೆಗಳಾದವು.

1968ರಲ್ಲಿ ಎರಡನೇ ಬೇಲಿ ಬಂತು. ಕೀನ್ಯಾದಲ್ಲಿದ್ದ ಭಾರತೀಯ ಮೂಲದವರ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟೇ ಇತ್ತು. ಅವರು ಬರತೊಡಗಿದಾಗ ಪಾರ್ಲಿಮೆಂಟ್ ಮೂರೇ ದಿನದಲ್ಲಿ ಮಸೂದೆ ಪಾಸು ಮಾಡಿತು. ಸ್ವತಃ ನಿಮ್ಮದೋ, ಅಪ್ಪ ಅಮ್ಮನದೋ, ಅಜ್ಜ ಅಜ್ಜಿಯದೋ ಬ್ರಿಟನ್ನಿನ ನಂಟಿದ್ದರೆ ಬನ್ನಿ, ಇಲ್ಲದಿದ್ದರೆ ಪಾಸ್‌ಪೋರ್ಟ್ ಇದ್ದರೂ ಸರದಿಯಲ್ಲಿ ನಿಲ್ಲಿ. ಬಣ್ಣದ ಹೆಸರೆತ್ತದೆ ಬಣ್ಣ ನೋಡುವ ಕಾನೂನು ಇದು. 1972ರಲ್ಲಿ ಇದಿ ಅಮೀನ್ ಉಗಾಂಡಾದ ಏಷ್ಯನ್ನರಿಗೆ 90 ದಿನ ಗಡುವು ಕೊಟ್ಟಾಗ ಸುಮಾರು 28,000 ಮಂದಿ ಬ್ರಿಟನ್ನಿಗೆ ಬಂದರು. ಲೆಸ್ಟರ್ ನಗರಸಭೆ ಉಗಾಂಡಾದ ಪತ್ರಿಕೆಯಲ್ಲಿ ನಮ್ಮೂರಿಗೆ ಬರಬೇಡಿ ಎಂದು ಜಾಹೀರಾತು ಕೊಟ್ಟಿತು. ಅವರು ಬಂದರು, ಅಂಗಡಿ ತೆರೆದರು, ಇಂದು ಲೆಸ್ಟರಿನ ದೀಪಾವಳಿ ನೋಡಲು ಊರೂರಿಂದ ಜನ ಬರುತ್ತಾರೆ.

ಆಮೇಲೆ 1973ರ ಜನವರಿ 1. ಆ ದಿನ ಬ್ರಿಟನ್ ಯುರೋಪಿನ ಒಕ್ಕೂಟ ಸೇರಿತು. ಅದೇ ದಿನ ಹೊಸ ವಲಸೆ ಕಾನೂನು ಜಾರಿಗೆ ಬಂತು. ಇಟಲಿಯವನಿಗೆ ಕೆಲಸಕ್ಕೆ ಬರಲು ಬಾಗಿಲು ತೆರೆಯಿತು, ಬ್ರಿಟಿಷ್ ಸೇನೆಯಲ್ಲಿ ಹೋರಾಡಿದವನ ಮಗನಿಗೆ ಮುಚ್ಚಿತು. 1981ರ ಕಾನೂನು ಇನ್ನೂ ಬಿಗಿಯಾಗಿ ಗೆರೆ ಎಳೆಯಿತು. ಆ ಗೆರೆಯ ಹೊರಗೆ ಫಾಕ್ಲೆಂಡ್ ದ್ವೀಪದ ಬಿಳಿಯರೂ ಉಳಿದಿದ್ದರು. 1982ರ ಯುದ್ಧ ಆದ ಮೇಲೆ ಅವರಿಗೆಂದೇ ಬೇರೆ ಕಾನೂನು ಮಾಡಿ ಒಳಗೆ ಸೇರಿಸಿಕೊಂಡರು.

ಬೇಲಿ ಹಾಕುತ್ತಿದ್ದ ಅದೇ ವರ್ಷಗಳಲ್ಲಿ ಆಸ್ಪತ್ರೆಗಳು ಕೈಬೀಸಿ ಕರೆಯುತ್ತಿದ್ದವು. ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದದ್ದು 1948ರ ಜುಲೈ 5ರಂದು, ವಿಂಡ್‌ರಷ್ ಬಂದು ಎರಡು ವಾರದಲ್ಲಿ. ದಾದಿಯರು ಕೆರಿಬಿಯನ್‌ನಿಂದ, ಐರ್ಲೆಂಡಿನಿಂದ ಬಂದರೆ ಡಾಕ್ಟರುಗಳು ನಮ್ಮ ಕಡೆಯಿಂದ ಹೋದರು. ಇಲ್ಲಿನ ವೈದ್ಯಕೀಯ ಕಾಲೇಜುಗಳ ಪಾಠಕ್ರಮ ಬ್ರಿಟಿಷ್ ಅಚ್ಚಿನದೇ ಆಗಿದ್ದರಿಂದ ನಮ್ಮ ಅನೇಕ ಪದವಿಗಳಿಗೆ 1975ರವರೆಗೆ ಅಲ್ಲಿ ನೇರ ಮಾನ್ಯತೆ ಇತ್ತು. ಸ್ಥಳೀಯ ಡಾಕ್ಟರುಗಳು ಒಲ್ಲದ ವಿಭಾಗಗಳು ಇವರ ಪಾಲಿಗೆ ಬಂದವು. ವಯಸ್ಸಾದವರ ಚಿಕಿತ್ಸೆ, ಮಾನಸಿಕ ರೋಗ, ವೇಲ್ಸ್‌ನ ಗಣಿ ಊರುಗಳ ಕ್ಲಿನಿಕ್ಕು. ಇಂಗ್ಲೆಂಡಿನಲ್ಲಿ ಕನ್ನಡ ಬಳಗ ಕಟ್ಟಿ ಬೆಳೆಸಿದವರಲ್ಲಿ ಡಾಕ್ಟರುಗಳು ಅಷ್ಟೊಂದು ಜನ ಇರುವುದು ಸುಮ್ನೆ ಅಲ್ಲ. ಅದಕ್ಕೂ ಈ ಇತಿಹಾಸವೇ ಕಾರಣ.

ಊಟದ ವಿಷಯ ಎಲ್ಲರಿಗೂ ಗೊತ್ತಿರುವುದೇ. ಬ್ರಿಟಿಷ್ ಹಡಗುಗಳ ಎಂಜಿನ್ ಕೋಣೆಗಳಲ್ಲಿ ದುಡಿದ ಸಿಲ್ಹೆಟ್‌ನವರು ದಡಕ್ಕಿಳಿದು ಸಣ್ಣ ಹೋಟೆಲ್ ಹಾಕಿದರು. 2001ರಲ್ಲಿ ವಿದೇಶಾಂಗ ಮಂತ್ರಿ ರಾಬಿನ್ ಕುಕ್ ಚಿಕನ್ ಟಿಕ್ಕಾ ಮಸಾಲಾವನ್ನು ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ತಿನಿಸು ಎಂದರು. ಆದರೆ ತಿನಿಸನ್ನು ಒಪ್ಪಿದಷ್ಟು ಬೇಗ ಮಾಡಿಕೊಟ್ಟವರನ್ನು ಒಪ್ಪಲಿಲ್ಲ ಎಂಬುದನ್ನು ಬಿಟ್ಟು ಈ ಮಾತನ್ನು ಹೇಳಬಾರದು.

ಕಾಗದ ಸುಟ್ಟದ್ದು

ಜನರಿಗೆ ಯಾಕೆ ಗೊತ್ತಾಗಲಿಲ್ಲ ಎಂಬುದಕ್ಕೆ ಒಂದು ಕಾರಣ ಕಡತಗಳಲ್ಲಿದೆ. 1961ರಲ್ಲಿ ಲಂಡನ್ನಿನಿಂದ ಆದೇಶ ಹೋಯಿತು. ಸರಕಾರಕ್ಕೆ ಮುಜುಗರ ತರುವ ಕಾಗದಗಳನ್ನು ಸ್ವತಂತ್ರವಾಗುವ ದೇಶಗಳಿಗೆ ಬಿಟ್ಟುಬರಬೇಡಿ. ಎಷ್ಟೋ ಸುಟ್ಟರು, ಉಳಿದವನ್ನು ಗುಟ್ಟಾಗಿ ತಂದಿಟ್ಟರು. ಕೀನ್ಯಾದ ಬಂದಿಖಾನೆಗಳಲ್ಲಿ ಚಿತ್ರಹಿಂಸೆ ಅನುಭವಿಸಿದ ಮುದುಕರು ಲಂಡನ್ನಿನಲ್ಲಿ ಕೇಸು ಹಾಕಿದ ಮೇಲೆ, 2011ರಲ್ಲಿ, ಹ್ಯಾನ್ಸ್‌ಲೋಪ್ ಪಾರ್ಕ್ ಎಂಬಲ್ಲಿ ಸಾವಿರಾರು ಕಡತಗಳು ಇವೆ ಎಂದು ಸರಕಾರ ಒಪ್ಪಿಕೊಂಡಿತು. 2013ರಲ್ಲಿ 5,228 ಮಂದಿಗೆ 1.99 ಕೋಟಿ ಪೌಂಡಿನ ಪರಿಹಾರ ಘೋಷಿಸಿತು. ಅರ್ಧ ಶತಮಾನ ಬ್ರಿಟಿಷ್ ಮಕ್ಕಳು ಈ ಕಾಗದಗಳಿಲ್ಲದ ಇತಿಹಾಸ ಓದಿದರು.

ಇನ್ನೊಂದು ಕಾಗದ ನಾಶವಾದದ್ದು 2010ರಲ್ಲಿ. ಕೆರಿಬಿಯನ್‌ನಿಂದ ಬಂದು ಹಡಗಿನಿಂದ ಇಳಿದವರ ಹಳೆಯ ಪ್ರವೇಶ ಚೀಟಿಗಳನ್ನು ಗೃಹ ಇಲಾಖೆ ಹಾಳುಮಾಡಿತು. 2012ರ ನಂತರ ಅಕ್ರಮ ವಲಸಿಗರನ್ನು ಹಿಡಿಯುವ ಹೆಸರಿನಲ್ಲಿ ಕೆಲಸ ಕೊಡುವವರು, ಮನೆ ಬಾಡಿಗೆ ಕೊಡುವವರು, ಆಸ್ಪತ್ರೆಯವರು ಎಲ್ಲರೂ ದಾಖಲೆ ಕೇಳತೊಡಗಿದರು. ಮಕ್ಕಳಾಗಿ ಅಪ್ಪ ಅಮ್ಮನ ಜೊತೆ ಬಂದು, ಶಾಲೆ ಕಲಿತು, ನಲವತ್ತು ವರ್ಷ ತೆರಿಗೆ ಕಟ್ಟಿದವರ ಬಳಿ ದಾಖಲೆ ಇರಲಿಲ್ಲ. ಬಂದಾಗ ಅವರು ಪ್ರಜೆಗಳೇ ಆಗಿದ್ದರಿಂದ ಅದು ಬೇಕಾಗಿಯೇ ಇರಲಿಲ್ಲ. ಕೆಲಸ ಹೋಯಿತು, ಮನೆ ಹೋಯಿತು, ಕ್ಯಾನ್ಸರ್ ಚಿಕಿತ್ಸೆ ನಿಂತಿತು. ಕನಿಷ್ಠ 83 ಮಂದಿಯನ್ನು ತಪ್ಪಾಗಿ ದೇಶದಿಂದ ಹೊರಹಾಕಿರಬಹುದು ಎಂದು ಸರಕಾರವೇ ಲೆಕ್ಕ ಕೊಟ್ಟಿತು. 2018ರ ಏಪ್ರಿಲಿನಲ್ಲಿ ಪ್ರಧಾನಿ ಕ್ಷಮೆ ಕೇಳಿದರು, ಗೃಹಮಂತ್ರಿ ರಾಜೀನಾಮೆ ಕೊಟ್ಟರು. ಪರಿಹಾರ ಕೈಗೆ ಬರುವ ಮುನ್ನವೇ ಕೆಲವರು ತೀರಿಕೊಂಡರು.

ಲೆಕ್ಕ ಇನ್ನೂ ನಡೆಯುತ್ತಿದೆ. 1997ರಲ್ಲಿ ಹಾಂಕಾಂಗನ್ನು ಚೀನಾಕ್ಕೆ ಬಿಟ್ಟುಕೊಡುವ ಮುನ್ನ ಅಲ್ಲಿನವರಿಗೆ ಒಂದು ಬಗೆಯ ಬ್ರಿಟಿಷ್ ಪಾಸ್‌ಪೋರ್ಟ್ ಕೊಟ್ಟಿದ್ದರು. ಅದರಲ್ಲಿ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕು ಇರಲಿಲ್ಲ. 2021ರ ಜನವರಿಯಲ್ಲಿ ಆ ಪಾಸ್‌ಪೋರ್ಟಿನವರಿಗೆ ಬಂದು ಉಳಿಯುವ ವೀಸಾ ತೆರೆದರು. ಆಮೇಲೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಬಂದಿದ್ದಾರೆ. ಸಟನ್, ವಾರಿಂಗ್ಟನ್‌ನಂಥ ಊರುಗಳ ಶಾಲೆಗಳಲ್ಲಿ ಈಗ ಅವರ ಮಕ್ಕಳು ಕೂತಿದ್ದಾರೆ.